ಸಾಲ ಊರಿನದು, ಫಸಲು ಯಾರದು?

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಊರಿನಿಂದ ಕಾಕಾ ಫೋನ್ ಮಾಡಿದ್ದರು. ಉತ್ತರ ಕರ್ನಾಟಕದ ನಮ್ಮ ಊರಿನ ಕೈಗಾರಿಕಾ ವಸಾಹತಿನಲ್ಲಿ ಅವರದೊಂದು ಸಣ್ಣ ವರ್ಕ್‌ಶಾಪ್ ಇದೆ. ಫೌಂಡ್ರಿಯಿಂದ ಬರುವ ಎರಕದ ಭಾಗಗಳನ್ನು ಲೇಥ್‌ಗೆ ಹಾಕಿ, ಅಳತೆಗೆ ತಂದು, ಪುಣೆ ಪಕ್ಕದ ಚಾಕಣದಲ್ಲಿರುವ ವಾಹನ ಬಿಡಿಭಾಗಗಳ ಕಂಪನಿಗೆ ಕಳಿಸುತ್ತಾರೆ. ಹದಿನಾಲ್ಕು ಮಂದಿ ಕೆಲಸಗಾರರು. ಅವರಲ್ಲಿ ಕೆಲವರು ನನ್ನನ್ನು ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಕರೆದೊಯ್ದವರು.

‘ತಮ್ಮಾ, ಚಾಕಣದವರು ಡಬಲ್ ಮಾಲ್ ಕೇಳಾಕತ್ಯಾರ. ಇನ್ನೊಂದು ಶೆಡ್ ಹಾಕಬೇಕು. ಆದ್ರ ಎಲ್ಲಿ ಹಾಕೂದು ಅನ್ನೂದ ತಿಳೀವಲ್ದು’ ಎಂದರು.

ಖುಷಿಯ ಸುದ್ದಿಯೇ. ಆದರೆ ಅವರ ದನಿಯಲ್ಲಿ ಖುಷಿ ಇರಲಿಲ್ಲ. ವಸಾಹತಿನ ಒಳರಸ್ತೆಯಲ್ಲಿ ಮಳೆಗಾಲದಲ್ಲಿ ಲಾರಿಯ ಚಕ್ರ ಹೂತುಕೊಳ್ಳುತ್ತದೆ. ನೀರು ಟ್ಯಾಂಕರಿನದು. ಚರಂಡಿ ಯಾರು ಕಟ್ಟಬೇಕೆಂದು ಕೇಳಿದರೆ ಒಂದು ಕಚೇರಿ ಇನ್ನೊಂದು ಕಚೇರಿಯತ್ತ ಕೈ ತೋರಿಸುತ್ತದೆ. ಆಸ್ತಿ ತೆರಿಗೆಯನ್ನಂತೂ ಕಾಕಾ ಒಂದು ವರ್ಷವೂ ಬಾಕಿ ಉಳಿಸಿಕೊಂಡವರಲ್ಲ. ಕೊಲ್ಲಾಪುರದ ಕಡೆಯ ಗೆಳೆಯರೊಬ್ಬರು, ‘ನೀವು ಈ ಕಡೆ ಬಂದುಬಿಡಿ, ಜಾಗ ಹುಡುಕೋಣ’ ಎಂದಿದ್ದಾರಂತೆ. ಹೊಸ ಶೆಡ್ ಗಡಿಯಾಚೆ ಹೋದರೆ ಹೊಸ ಮಷೀನು ಅಲ್ಲಿಗೇ, ನಾಲ್ಕಾರು ವರ್ಷದಲ್ಲಿ ಹಳೆಯ ಮಷೀನೂ ಅಲ್ಲಿಗೇ. ಹದಿನಾಲ್ಕು ಮನೆಗಳು ಮಾತ್ರ ಊರಿನಲ್ಲೇ ಉಳಿಯುತ್ತವೆ.

ಫೋನ್ ಇಡುವ ಮುಂಚೆ ಕಾಕಾ ಕೇಳಿದರು: ‘ನಿಮ್ಮ ಪುಣೇದ ಪಾಲಿಕೆಯವರು ಬಾಂಡ್ ಮಾಡಿ ರೊಕ್ಕಾ ಎತ್ತಿದ್ರಲ್ಲ, ಹಂಗ ನಮ್ಮ ಊರಾಗ ಯಾಕ ಆಗಂಗಿಲ್ಲ?’

ನಾನು ಎಂ.ಟೆಕ್ ಮುಗಿಸಿ ಹತ್ತು ವರ್ಷದಿಂದ ಪುಣೆಯಲ್ಲಿ ಸಾಫ್ಟ್‌ವೇರ್ ಬರೆಯುವವನು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವಾಗ ಲೆಕ್ಕ ತಾಳೆಯಾಗುತ್ತದೆಯೇ ಎಂದು ನೋಡುವ ಪ್ರೋಗ್ರಾಂಗಳನ್ನು ಬರೆಯುವುದು ನನ್ನ ಕಸುಬು. ಆದರೂ ಕಾಕಾನ ಪ್ರಶ್ನೆಗೆ ಆ ದಿನ ಉತ್ತರ ಹೊಳೆಯಲಿಲ್ಲ. ಆಮೇಲೆ ಸಂಜೆ ಹೊತ್ತು ಕೂತು ಓದಿ, ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನಲ್ಲಿ ಇಂಥದ್ದೇ ಒಂದು ಶೆಡ್, ಅಂಗಡಿ, ಗಿರಣಿ ಇರುವ ಎಷ್ಟೋ ಹೊರನಾಡ ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ ಎಂದುಕೊಂಡಿದ್ದೇನೆ.

ಮೊದಲ ಹೆಜ್ಜೆ ನಮ್ಮದೇ

ನಗರಪಾಲಿಕೆಯ ಬಾಂಡ್ ಎಂದರೆ ಸರಳವಾಗಿ ಸಾಲಪತ್ರ. ಪಾಲಿಕೆ ಇಂತಿಷ್ಟು ವರ್ಷಕ್ಕೆ, ಇಂತಿಷ್ಟು ಬಡ್ಡಿಗೆ ಹಣ ಕೇಳುತ್ತದೆ. ಬ್ಯಾಂಕು, ವಿಮಾ ಕಂಪನಿ, ಭವಿಷ್ಯನಿಧಿ, ಕೆಲವೊಮ್ಮೆ ಸಾಮಾನ್ಯರೂ ಹಣ ಕೊಡುತ್ತಾರೆ. ವಾಪಸು ಕೊಡುವ ಭರವಸೆಗಾಗಿ ಆಸ್ತಿ ತೆರಿಗೆಯಂಥ ಒಂದು ಆದಾಯವನ್ನು ಪ್ರತ್ಯೇಕ ಖಾತೆಯಲ್ಲಿ ಕಟ್ಟಿಡಲಾಗುತ್ತದೆ. ಸಾಲದ ಕಂತು ತೆಗೆದಿಟ್ಟ ಮೇಲೆಯೇ ಆ ಖಾತೆಯ ಉಳಿದ ಹಣ ಪಾಲಿಕೆಯ ಕೈಗೆ ಬರುತ್ತದೆ.

ಕಾಕಾಗೆ ಆಶ್ಚರ್ಯವಾದೀತು, ದೇಶದಲ್ಲಿ ಈ ಹಾದಿಯನ್ನು ಮೊದಲು ತುಳಿದದ್ದು ನಮ್ಮ ಬೆಂಗಳೂರು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ರಸ್ತೆ, ಚರಂಡಿಗಳಿಗಾಗಿ ₹125 ಕೋಟಿ ಎತ್ತಿತು. ಬಡ್ಡಿ ಶೇ 13. ಅದಕ್ಕೆ ರಾಜ್ಯ ಸರ್ಕಾರದ ಖಾತರಿ ಇತ್ತು. ಅಂದರೆ ಪಾಲಿಕೆ ಕಟ್ಟದಿದ್ದರೆ ಸರ್ಕಾರ ಕಟ್ಟುತ್ತದೆ ಎಂಬ ಮಾತು. ಮರುವರ್ಷ, 1998ರಲ್ಲಿ, ಅಹಮದಾಬಾದ್ ₹100 ಕೋಟಿ ಎತ್ತಿತು. ಅಲ್ಲಿ ಸರ್ಕಾರದ ಖಾತರಿ ಇರಲಿಲ್ಲ. ಊರಿನ ಆಕ್ಟ್ರಾಯ್ ನಾಕಾಗಳಲ್ಲಿ ಸಂಗ್ರಹವಾಗುವ ಹಣವನ್ನೇ ಅಡವಿಟ್ಟಿದ್ದರು. ಅದಕ್ಕೆ ಮುಂಚೆ ಮೂರ್ನಾಲ್ಕು ವರ್ಷ ಅಲ್ಲಿನ ಆಯುಕ್ತ ಕೇಶವ ವರ್ಮಾ ಆಕ್ಟ್ರಾಯ್ ಸೋರಿಕೆ ತಡೆದು, ಬಾಕಿ ಆಸ್ತಿ ತೆರಿಗೆ ವಸೂಲಿ ಮಾಡಿ, ನಷ್ಟದಲ್ಲಿದ್ದ ಪಾಲಿಕೆಯನ್ನು ಉಳಿತಾಯಕ್ಕೆ ತಂದಿದ್ದರು. ಸಾಲ ಕೇಳುವ ಮುಂಚೆ ಮನೆ ಲೆಕ್ಕ ಸರಿ ಮಾಡಿಕೊಂಡದ್ದರಿಂದ ಖಾತರಿಯಿಲ್ಲದೆಯೂ ಹಣ ಹುಟ್ಟಿತು.

2005ರಲ್ಲಿ ಕರ್ನಾಟಕ ಇನ್ನೊಂದು ಹೊಸದನ್ನು ಮಾಡಿ ತೋರಿಸಿತು. ಬೆಂಗಳೂರಿನ ಸುತ್ತಲಿನ ಎಂಟು ಸಣ್ಣ ನಗರಸಭೆ, ಪುರಸಭೆಗಳು ಒಂಟಿಯಾಗಿ ಸಾಲ ಎತ್ತುವ ಶಕ್ತಿ ಇಲ್ಲದ್ದರಿಂದ, ಒಂದು ಸಾಮೂಹಿಕ ನಿಧಿಯ ಮೂಲಕ ಒಟ್ಟಾಗಿ ನೀರಿನ ಯೋಜನೆಗೆ ₹100 ಕೋಟಿಯ ಬಾಂಡ್ ತಂದವು. ಆಮೇಲೆ ನಾವು ಹಿಂದೆ ಬಿದ್ದೆವು. 2015ರಲ್ಲಿ ಸೆಬಿ ಹೊಸ ನಿಯಮ ತಂದ ಮೇಲಿನ ಪಟ್ಟಿಯಲ್ಲಿ ಪುಣೆ, ಹೈದರಾಬಾದ್, ಇಂದೋರ್, ಸೂರತ್, ಲಖನೌ, ಗಾಜಿಯಾಬಾದ್, ವಡೋದರಾ, ಚೆನ್ನೈಗಳ ಹೆಸರು ಮುಂದಿವೆ. ದಾರಿ ತೋರಿಸಿದ ರಾಜ್ಯ ಆ ಸಾಲಿನ ಮುಂದೆ ಇಲ್ಲ.

ಹಾಗಾದರೆ ನಾವೂ ಬೇಗ ಬಾಂಡ್ ತಂದುಬಿಟ್ಟರೆ ಕಾಕಾನ ರಸ್ತೆ ಆಗುತ್ತದೆಯೇ? ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ.

ಪುಣೆಯಲ್ಲಿ ಹಣ ಬಂತು, ಕೆಲಸ ತಡವಾಯಿತು

2017ರ ಜೂನ್ 22ರಂದು ಮುಂಬೈ ಷೇರುಪೇಟೆಯಲ್ಲಿ ಗಂಟೆ ಬಾರಿಸಿ ಪುಣೆ ಮಹಾನಗರ ಪಾಲಿಕೆಯ ಬಾಂಡನ್ನು ನೋಂದಾಯಿಸಿದರು. ₹200 ಕೋಟಿ, ಹತ್ತು ವರ್ಷ, ಬಡ್ಡಿ ಶೇ 7.59. ಕೇಳಿದ್ದಕ್ಕಿಂತ ಹಲವು ಪಟ್ಟು ಹಣ ಕೊಡಲು ಜನ ಮುಂದೆ ಬಂದಿದ್ದರು. ಇಡೀ ನಗರಕ್ಕೆ ದಿನದ 24 ಗಂಟೆಯೂ ಮೀಟರಿನ ಮೂಲಕ ನೀರು ಕೊಡುವ ಯೋಜನೆಗೆ ಆ ಹಣ. ಇಂಥ ಸಾಹಸಕ್ಕೆ ಪ್ರೋತ್ಸಾಹವಾಗಿ ಕೇಂದ್ರ ಸರ್ಕಾರ ಅಮೃತ್ ಯೋಜನೆಯಡಿ ಪ್ರತಿ ₹100 ಕೋಟಿಗೆ ₹13 ಕೋಟಿಯಂತೆ ಕೊಡುತ್ತದೆ. ಪುಣೆಗೆ ₹26 ಕೋಟಿ ಸಿಕ್ಕಿತು.

ಆದರೆ ಬಾಂಡ್ ಬಂದ ಬೆನ್ನಿಗೇ ಪೈಪ್‌ಲೈನ್ ಟೆಂಡರಿನ ಮೊತ್ತದ ಬಗ್ಗೆ ವಿವಾದ ಎದ್ದು, ಟೆಂಡರ್ ರದ್ದಾಗಿ, ಮತ್ತೆ ಕರೆಯಬೇಕಾಯಿತು. ಅಷ್ಟು ದಿನ ಹಣ ಬ್ಯಾಂಕಿನಲ್ಲಿ ಕೂತಿತ್ತು. ₹200 ಕೋಟಿಗೆ ಶೇ 7.59 ಎಂದರೆ ವರ್ಷಕ್ಕೆ ₹15 ಕೋಟಿಗೂ ಮೇಲೆ ಬಡ್ಡಿ. ನೀರು ಹರಿಯಲಿ, ಬಿಡಲಿ, ಬಡ್ಡಿಯ ಮೀಟರ್ ನಿಲ್ಲುವುದಿಲ್ಲ. ಅನುದಾನ ತಡವಾಗಿ ಖರ್ಚಾದರೆ ಯಾರಿಗೂ ಚುರುಕು ಮುಟ್ಟುವುದಿಲ್ಲ. ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಹಾಗೆ. ಸಾಲದ ಹಣದ ಮಾತು ಬೇರೆ. ಅದರಲ್ಲಿ ತಡವಾದ ಒಂದೊಂದು ದಿನಕ್ಕೂ ಬೆಲೆ ಇದೆ.

ಇಲ್ಲಿ ಇನ್ನೊಂದು ಮಾತೂ ಹೇಳಬೇಕು. ಪುಣೆ ಪಾಲಿಕೆಯ ಚುನಾಯಿತ ಸಭೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ನಡೆಸಿದರು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದ ಮೇಲೂ ಇದೇ ಕಥೆ. ಹತ್ತು ವರ್ಷದ ಸಾಲಕ್ಕೆ ಜನರೇ ಜಾಮೀನುದಾರರು. ಆ ಸಾಲ ಎಲ್ಲಿಗೆ ಬಂತು, ಎಷ್ಟು ಖರ್ಚಾಯಿತು ಎಂದು ಜನರ ಪರವಾಗಿ ಕೇಳಬೇಕಾದ ಕಾರ್ಪೊರೇಟರ್ ಇಲ್ಲದಿದ್ದರೆ ಕೇಳುವವರು ಯಾರು?

ಹೈದರಾಬಾದಿನ ಮೇಲ್ಸೇತುವೆ, ಚೆನ್ನೈನ ಸಂಬಳ ಚೀಟಿ

ಹೈದರಾಬಾದಿನಲ್ಲಿರುವ ನನ್ನ ಸಹಪಾಠಿಗಳು ಬೇರೆ ಚಿತ್ರ ಹೇಳುತ್ತಾರೆ. ಅಲ್ಲಿ ಕೆಲಸ ಕಣ್ಣಿಗೆ ಕಂಡಿತು. 2018 ಮತ್ತು 2019ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ ಮೂರು ಕಂತಿನಲ್ಲಿ ಬಾಂಡ್ ತಂದಿತು: ಶೇ 8.90ಕ್ಕೆ ₹200 ಕೋಟಿ, ಶೇ 9.38ಕ್ಕೆ ₹195 ಕೋಟಿ, ಶೇ 10.23ಕ್ಕೆ ₹100 ಕೋಟಿ. ರಸ್ತೆ ಅಭಿವೃದ್ಧಿಯ ದೊಡ್ಡ ಯೋಜನೆಗೆ ಈ ಹಣ. ಐಟಿ ಕಂಪನಿಗಳ ದಾರಿಯಲ್ಲಿರುವ ಮೈಂಡ್‌ಸ್ಪೇಸ್, ಬಯೋಡೈವರ್ಸಿಟಿ ಜಂಕ್ಷನ್‌ಗಳ ಮೇಲ್ಸೇತುವೆಗಳು ಇದೇ ಯೋಜನೆಯಡಿ ಎದ್ದವು. ಉದ್ಯಮ ಬೆಳೆಯಲು ಸ್ಥಳೀಯ ಸರ್ಕಾರ ಸಾಲ ಮಾಡುವುದು ಎಂದರೆ ಇದೇ.

ಆದರೆ ಲೆಕ್ಕ ಹಾಕಿ. ಮೂರೂ ಕಂತಿನ ಬಡ್ಡಿ ಸೇರಿ ವರ್ಷಕ್ಕೆ ಸುಮಾರು ₹46 ಕೋಟಿ. ಪ್ರತಿ ಕಂತಿಗೂ ಬಡ್ಡಿ ಏರುತ್ತಾ ಹೋದದ್ದನ್ನೂ ಗಮನಿಸಿ. ಮೇಲ್ಸೇತುವೆಯ ಮೇಲೆ ಟೋಲ್ ಇಲ್ಲ. ಅಲ್ಲಿ ಓಡಾಡುವ ಟೆಕ್ಕಿಯ ಆದಾಯ ತೆರಿಗೆ ದೆಹಲಿಗೆ ಹೋಗುತ್ತದೆ. ಅವರ ಕಂಪನಿ, ಹೋಟೆಲು, ಅಂಗಡಿಗಳ ಜಿಎಸ್‌ಟಿ ಕೇಂದ್ರ ಮತ್ತು ರಾಜ್ಯಗಳ ನಡುವೆ ಹಂಚಿಹೋಗುತ್ತದೆ. ಸೇತುವೆ ಕಟ್ಟಿ ಸಾಲ ಹೊತ್ತ ಪಾಲಿಕೆಗೆ ನೇರವಾಗಿ ಸಿಗುವುದು ಮುಖ್ಯವಾಗಿ ಆಸ್ತಿ ತೆರಿಗೆ, ಮತ್ತು ಕಟ್ಟಡ ಪರವಾನಗಿಯಂಥ ಶುಲ್ಕಗಳು.

ಈಗ ಚೆನ್ನೈ. ಅಲ್ಲಿ ಕೆಲಸ ಮಾಡುವ ಕನ್ನಡಿಗರು ತಮ್ಮ ಸಂಬಳ ಚೀಟಿ ತೆಗೆದು ನೋಡಲಿ. ವೃತ್ತಿ ತೆರಿಗೆ ಎಂಬ ಒಂದು ಸಾಲು ಇರುತ್ತದೆ. ನಮ್ಮ ಕರ್ನಾಟಕದಲ್ಲಿ, ಇಲ್ಲಿ ಮಹಾರಾಷ್ಟ್ರದಲ್ಲಿ, ಆ ಹಣ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ತಮಿಳುನಾಡಿನಲ್ಲಿ ಅದು ಸ್ಥಳೀಯ ಸಂಸ್ಥೆಗೆ ಹೋಗುತ್ತದೆ. ಸಂವಿಧಾನದ ಮಿತಿಯಂತೆ ಒಬ್ಬರಿಗೆ ವರ್ಷಕ್ಕೆ ₹2,500ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಚಿಕ್ಕ ಮೊತ್ತವೇ. ಆದರೆ ಅದರ ಅರ್ಥ ದೊಡ್ಡದು: ಚೆನ್ನೈನಲ್ಲಿ ಒಂದು ಕಂಪನಿ ಸಾವಿರ ಜನರನ್ನು ಹೊಸದಾಗಿ ಸೇರಿಸಿಕೊಂಡರೆ ಪಾಲಿಕೆಯ ಪೆಟ್ಟಿಗೆಗೂ ಒಂದಿಷ್ಟು ಬೀಳುತ್ತದೆ. ಅದೇ ಚೆನ್ನೈ ಪಾಲಿಕೆ 2025ರಲ್ಲಿ ಮಳೆನೀರು ಕಾಲುವೆಗಳಿಗಾಗಿ ಶೇ 7.97ರ ಬಡ್ಡಿಗೆ ₹200 ಕೋಟಿ ಬಾಂಡ್ ತಂದಿತು.

ಈ ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ವಿಷಯದ ಗಂಟು ಸಿಕ್ಕಿತು. ಉದ್ಯಮಕ್ಕಾಗಿ ಊರು ಸಾಲ ಮಾಡಬಹುದು. ಆದರೆ ಉದ್ಯಮ ಬೆಳೆದಾಗ ಬರುವ ಫಸಲು ಊರಿನ ಕಣಕ್ಕೇ ಬರುತ್ತದೆಯೇ? ಬರದಿದ್ದರೆ ಆ ಸಾಲ ತೀರಿಸುವುದು ಉದ್ಯಮವಲ್ಲ, ಊರಿನ ಮನೆಮನೆಯ ತೆರಿಗೆ.

ಅಮೆರಿಕದ ಒಂದು ಕಾಲುಚೀಲದ ಗಿರಣಿ

ಉದ್ಯಮ ಬೆಳೆಸಲು ಊರೇ ಬಾಂಡ್ ತರುವ ಪದ್ಧತಿ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. 1936ರಲ್ಲಿ, ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, ಮಿಸಿಸಿಪ್ಪಿ ರಾಜ್ಯದ ಗವರ್ನರ್ ಹ್ಯೂ ವೈಟ್ ಒಂದು ಕಾನೂನು ತಂದರು. ಬರೀ ಹತ್ತಿ ಬೇಸಾಯ ನಂಬಿದ್ದ ರಾಜ್ಯಕ್ಕೆ ಕಾರ್ಖಾನೆಗಳನ್ನು ಕರೆತರುವುದು ಅವರ ಉದ್ದೇಶ. ಅದರಡಿ ಡ್ಯುರಾಂಟ್ ಎಂಬ ಸಣ್ಣ ಪಟ್ಟಣ 85 ಸಾವಿರ ಡಾಲರ್ ಬಾಂಡ್ ತಂದು, ಕಾಲುಚೀಲ ನೇಯುವ ಕಂಪನಿಗೆ ಗಿರಣಿ ಕಟ್ಟಿಕೊಟ್ಟಿತು. ಇಂಥ ಬಾಂಡಿಗೆ ಊರಿನ ಜನ ಮತ ಹಾಕಿ ಒಪ್ಪಿಗೆ ಕೊಡಬೇಕಿತ್ತು. ಗಿರಣಿ ಬಂದರೆ ಊರಿನ ಹುಡುಗಿಯರಿಗೆ ಕೆಲಸ, ಅಂಗಡಿಗಳಿಗೆ ವ್ಯಾಪಾರ ಎಂಬ ಲೆಕ್ಕ.

ಈ ಪದ್ಧತಿ ಬೇರೆ ರಾಜ್ಯಗಳಿಗೂ ಹರಡಿತು. ಮುಂದೆ ಬಂದ ಇನ್ನೊಂದು ಬಗೆಯಲ್ಲಿ ಊರು ತನ್ನ ಹೆಸರನ್ನು ಮಾತ್ರ ಕೊಡುತ್ತದೆ, ಸಾಲ ತೀರಿಸುವುದು ಕಂಪನಿ. ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದರಿಂದ ಕಂಪನಿಗೆ ಅಗ್ಗದಲ್ಲಿ ಹಣ ಸಿಗುತ್ತದೆ. ಊರೂರುಗಳು ಪೈಪೋಟಿಗೆ ಬಿದ್ದು ಇದು ಅತಿಯಾದಾಗ 1968ರಲ್ಲಿ ಒಮ್ಮೆ, 1986ರಲ್ಲಿ ಇನ್ನೊಮ್ಮೆ ಅಲ್ಲಿನ ಸಂಸತ್ತು ಮಿತಿ ಹಾಕಿತು. ಪೈಪೋಟಿಯಲ್ಲಿ ಕಂಪನಿ ಗೆಲ್ಲುತ್ತದೆ, ತೆರಿಗೆದಾರ ಸೋಲುತ್ತಾನೆ ಎಂಬ ದೂರು ಆಗಲೂ ಇತ್ತು.

ಈಗಿನ ಕಾಲದ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ದೇವನಹಳ್ಳಿಯಲ್ಲಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಂಪನಿ 2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1,000 ಕೋಟಿ ಡಾಲರ್ ಹೂಡಿಕೆ, 13,000 ಉದ್ಯೋಗ ಎಂದು ಘೋಷಿಸಿತ್ತು. ಮೌಂಟ್ ಪ್ಲೆಸೆಂಟ್ ಎಂಬ ಊರು ಭೂಮಿ, ರಸ್ತೆ, ನೀರಿಗಾಗಿ ದೊಡ್ಡ ಸಾಲ ಮಾಡಿತು. 2021ರಲ್ಲಿ ಒಪ್ಪಂದ ತಿದ್ದಿದಾಗ ಹೂಡಿಕೆ 67.2 ಕೋಟಿ ಡಾಲರಿಗೂ ಉದ್ಯೋಗ 1,454ಕ್ಕೂ ಇಳಿದವು. ಊರು ಪೂರ್ತಿ ಮುಳುಗದೆ ಉಳಿಯಲು ಒಂದು ಕಾರಣ, ಕರಾರಿನಲ್ಲಿದ್ದ ಒಂದು ಷರತ್ತು: ಕಟ್ಟಡ ಏಳಲಿ, ಬಿಡಲಿ, 2023ರಿಂದ 140 ಕೋಟಿ ಡಾಲರ್ ಮೌಲ್ಯದ ಆಸ್ತಿ ಇದೆ ಎಂದೇ ಲೆಕ್ಕ ಹಿಡಿದು ಕಂಪನಿ ತೆರಿಗೆ ಕಟ್ಟಬೇಕು. ಮಾತು ಕೊಟ್ಟವರ ಮುಖ ನೋಡಿ ನಂಬದೆ ಕಾಗದದಲ್ಲಿ ಬರೆಸಿಕೊಂಡದ್ದು ಊರಿಗೆ ಆಸರೆಯಾಯಿತು.

ಅಮೆರಿಕದ ಊರು ಇಂಥ ಸಾಹಸಕ್ಕೆ ಇಳಿಯಲು ಒಂದು ಬಲವಾದ ಕಾರಣವಿದೆ. ಅಲ್ಲಿ ಆಸ್ತಿ ತೆರಿಗೆ ಊರಿನದು, ಅನೇಕ ಕಡೆ ಮಾರಾಟ ತೆರಿಗೆಯಲ್ಲೂ ಊರಿಗೆ ಪಾಲಿದೆ. ಕಾರ್ಖಾನೆ ಬೆಳೆದರೆ ಊರಿನ ಬೊಕ್ಕಸವೂ ಬೆಳೆಯುತ್ತದೆ. ನಮ್ಮಲ್ಲಿ? ಅಹಮದಾಬಾದ್ ಅಡವಿಟ್ಟ ಆಕ್ಟ್ರಾಯ್ ಈಗ ಇಲ್ಲವೇ ಇಲ್ಲ. ನಗರಪಾಲಿಕೆಗಳ ಒಟ್ಟು ಆದಾಯ ದೇಶದ ಜಿಡಿಪಿಯ ಶೇ 1ರ ಆಸುಪಾಸಿನಲ್ಲೇ ದಶಕದಿಂದ ನಿಂತಿದೆ ಎಂದು ರಿಸರ್ವ್ ಬ್ಯಾಂಕಿನ 2022ರ ವರದಿ ಹೇಳುತ್ತದೆ.

ಕಾಕಾನ ವರ್ಕ್‌ಶಾಪನ್ನೇ ತೆಗೆದುಕೊಳ್ಳಿ. ಅವರು ಚಾಕಣಕ್ಕೆ ಮಾಲು ಕಳಿಸಿದಾಗ ಹಾಕುವುದು ಅಂತರರಾಜ್ಯ ಜಿಎಸ್‌ಟಿ. ಜಿಎಸ್‌ಟಿಯ ನಿಯಮವೇ ಮಾಲು ಎಲ್ಲಿ ಬಳಕೆಯಾಗುತ್ತದೋ ಆ ರಾಜ್ಯಕ್ಕೆ ತೆರಿಗೆ ಎಂದು. ಹಾಗಾಗಿ ಅವರ ಮಾಲು ದುಪ್ಪಟ್ಟಾದರೂ ಅದರ ಮೇಲಿನ ಜಿಎಸ್‌ಟಿಯಿಂದ ನಮ್ಮ ಊರಿನ ಪಾಲಿಕೆಗೆ ನೇರವಾಗಿ ಏನೂ ಇಲ್ಲ, ನಮ್ಮ ರಾಜ್ಯಕ್ಕೂ ಅದರ ಪಾಲು ನಿಲ್ಲುವುದಿಲ್ಲ. ಪಾಲಿಕೆಗೆ ಹೆಚ್ಚುವುದು ಹೊಸ ಶೆಡ್ಡಿನ ಆಸ್ತಿ ತೆರಿಗೆ ಅಷ್ಟೇ. ಕಾಕಾ ಬೆಳೆದರೇನು, ಬಿಟ್ಟರೇನು, ಅಲ್ಲಿ ಕೂತ ಅಧಿಕಾರಿಗೆ ವ್ಯತ್ಯಾಸ ಕಾಣದಿದ್ದರೆ ಅದು ಅವರೊಬ್ಬರ ಸೋಮಾರಿತನವಲ್ಲ. ವ್ಯವಸ್ಥೆಯೇ ಹಾಗೆ ಕೂಡಿಕೊಂಡಿದೆ.

ಕೊಟ್ಟ ಕೈಗೇ ಹಣ ಮರಳಿದ ಕಡೆ

ಹಾಗೆಂದು ಕೈಚೆಲ್ಲಿ ಕೂರಬೇಕಿಲ್ಲ. ಇದ್ದ ವ್ಯವಸ್ಥೆಯಲ್ಲೇ ದಾರಿ ಹುಡುಕಿದ ಎರಡು ಊರುಗಳಿವೆ.

ದೆಹಲಿ ಪಕ್ಕದ ಗಾಜಿಯಾಬಾದ್ 2021ರಲ್ಲಿ ಶೇ 8.1ರ ಬಡ್ಡಿಗೆ ₹150 ಕೋಟಿಯ ಹಸಿರು ಬಾಂಡ್ ತಂದಿತು. ಕೊಳಚೆ ನೀರನ್ನು ಮತ್ತೆ ಶುದ್ಧೀಕರಿಸಿ, ದಿನಕ್ಕೆ 4 ಕೋಟಿ ಲೀಟರ್ ನೀರನ್ನು ಸಾಹಿಬಾಬಾದಿನ ಕಾರ್ಖಾನೆಗಳಿಗೆ ಪೈಪಿನಲ್ಲಿ ಕೊಡುವ ಘಟಕಕ್ಕೆ ಆ ಹಣ. ಕಾರ್ಖಾನೆಗೆ ನೀರು ಸಿಗುತ್ತದೆ, ಅಂತರ್ಜಲ ಉಳಿಯುತ್ತದೆ, ನೀರಿನ ಬಿಲ್ಲು ಪಾಲಿಕೆಗೆ ಬರುತ್ತದೆ. ಸೂರತ್ ಪಾಲಿಕೆ ಇದಕ್ಕೂ ಮುಂಚೆ, 2014ರಿಂದಲೇ, ಪಾಂಡೇಸರದ ಬಟ್ಟೆ ಗಿರಣಿಗಳಿಗೆ ಇಂಥ ನೀರು ಮಾರುತ್ತಿದೆ.

ಇಂದೋರ್ 2023ರ ಫೆಬ್ರುವರಿಯಲ್ಲಿ ಸಾಮಾನ್ಯ ಜನರಿಗೂ ಅವಕಾಶವಿದ್ದ ₹244 ಕೋಟಿಯ ಬಾಂಡ್ ತಂದಿತು, ಬಡ್ಡಿ ಶೇ 8.25. ಆ ಊರಿಗೆ ದೂರದ ನರ್ಮದೆಯಿಂದ ನೀರೆತ್ತಬೇಕು. ಪಂಪುಗಳ ಕರೆಂಟ್ ಬಿಲ್ಲೇ ಪಾಲಿಕೆಯ ದೊಡ್ಡ ಹೊರೆ. ಬಾಂಡಿನ ಹಣ 60 ಮೆಗಾವಾಟ್‌ನ ಸೌರ ವಿದ್ಯುತ್ ಘಟಕಕ್ಕೆ. ಬಿಲ್ಲಿನಲ್ಲಿ ಉಳಿದದ್ದೇ ಸಾಲದ ಕಂತಿಗೆ.

ಎರಡೂ ಕಡೆ ಸೂತ್ರ ಒಂದೇ. ಯಾವ ಕೈ ಸಾಲ ಮಾಡಿತೋ ಅದೇ ಕೈಗೆ ಹಣ ಮರಳುವ ಕೆಲಸವನ್ನು ಮೊದಲು ಆರಿಸಿದರು, ಆಮೇಲೆ ಬಾಂಡ್ ತಂದರು.

ನಮ್ಮ ಊರುಗಳಿಗೆ ಏನು?

ಈಗ ಕಾಕಾನ ಊರಿಗೆ ಬರೋಣ. ಒಂದು ಲೆಕ್ಕ ಹಾಕಿದೆ. ಪಾಲಿಕೆ ₹100 ಕೋಟಿಯನ್ನು ಶೇ 8ರ ಬಡ್ಡಿಗೆ ಹತ್ತು ವರ್ಷಕ್ಕೆ ಎತ್ತಿದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ₹8 ಕೋಟಿ ಬಡ್ಡಿ. ಅಸಲಿಗಾಗಿ ವರ್ಷಕ್ಕೆ ₹10 ಕೋಟಿ ತೆಗೆದಿಡಬೇಕು. ಒಟ್ಟು ₹18 ಕೋಟಿ. ಕೇಂದ್ರದ ₹13 ಕೋಟಿ ಪ್ರೋತ್ಸಾಹಧನ ಒಮ್ಮೆ ಮಾತ್ರ ಸಿಗುವಂಥದ್ದು, ಅದು ಒಂದು ವರ್ಷದ ಕಂತಿಗೂ ಸಾಲದು. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ‘ಬಾಂಡ್ ಯಾವಾಗ’ ಎಂದಲ್ಲ, ‘ವರ್ಷಕ್ಕೆ ₹18 ಕೋಟಿ ಎಲ್ಲಿಂದ’ ಎಂದು.

ಅದಕ್ಕೆ ನನಗೆ ಮೂರು ದಾರಿ ಕಾಣುತ್ತವೆ.

ಮೊದಲನೆಯದು, ನೀರು. 2008ರಲ್ಲಿ ವಿಶ್ವಬ್ಯಾಂಕಿನ ನೆರವಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ಮೀಟರ್ ನೀರು ಕೊಟ್ಟು ತೋರಿಸಿದ್ದರು. ಪುಣೆ ಬಾಂಡ್ ತರುವುದಕ್ಕೆ ಒಂಬತ್ತು ವರ್ಷ ಮುಂಚೆ! ನಲ್ಲಿಯಲ್ಲಿ ನೀರು ಬಂದರೆ ನಮ್ಮ ಜನ ಬಿಲ್ಲು ಕಟ್ಟುತ್ತಾರೆ ಎಂಬುದು ಅಲ್ಲಿ ಗೊತ್ತಾದ ಸಂಗತಿ. ಟ್ಯಾಂಕರಿಗೆ ದುಡ್ಡು ಸುರಿಯುವ ಕಾಕಾನಂಥವರಂತೂ ಸಂತೋಷದಿಂದ ಕಟ್ಟುತ್ತಾರೆ. ಕೈಗಾರಿಕಾ ವಸಾಹತಿಗೆ ಸಂಸ್ಕರಿಸಿದ ನೀರು ಮಾರುವ ಯೋಜನೆ ಉತ್ತರ ಕರ್ನಾಟಕದ ಯಾವ ದೊಡ್ಡ ಊರಿಗೂ ಹೊಂದುತ್ತದೆ.

ಎರಡನೆಯದು, ವಸಾಹತಿನ ತೆರಿಗೆ ವಸಾಹತಿಗೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ಅಲ್ಲಿನ ಆಸ್ತಿ ತೆರಿಗೆಯ ಪಾಲು ಅಲ್ಲಿಯ ರಸ್ತೆ, ದೀಪ, ಚರಂಡಿಗೇ ಖರ್ಚಾಗುತ್ತದೆ. ಎಲ್ಲ ಊರಿಗೂ ಪ್ರತ್ಯೇಕ ಪ್ರಾಧಿಕಾರ ಬೇಕು ಎನ್ನುತ್ತಿಲ್ಲ, ಶ್ರೀಮಂತ ಕಂಪನಿಗಳು ಊರಿನಿಂದ ಬೇರ್ಪಟ್ಟು ಕೂರುವ ಅಪಾಯ ಅದರಲ್ಲಿದೆ. ಆದರೆ ವಸಾಹತಿನಿಂದ ಬಂದ ತೆರಿಗೆಯನ್ನು ಬೇರೆ ಖಾತೆಯಲ್ಲಿ ಬರೆದು, ಇಂತಿಷ್ಟು ಪಾಲು ಅಲ್ಲೇ ಖರ್ಚು ಎಂದು ಗೊತ್ತುಮಾಡಿದರೆ ‘ಚರಂಡಿ ಯಾರದು’ ಎಂಬ ತಕರಾರು ಅರ್ಧ ತೀರುತ್ತದೆ. ಅಂಥ ಖಾತೆ ಇದ್ದರೆ ಸಾಲ ಕೊಡುವವರೂ ನಂಬುತ್ತಾರೆ. ಇದರ ಜೊತೆಗೆ ವೃತ್ತಿ ತೆರಿಗೆಯಲ್ಲಿ ತಮಿಳುನಾಡಿನಂತೆ ಪಾಲಿಕೆಗೂ ಪಾಲು ಕೊಡುವ ಬಗ್ಗೆ ನಮ್ಮ ರಾಜ್ಯ ಯೋಚಿಸಬೇಕು.

ಮೂರನೆಯದು, ಒಟ್ಟಾಗಿ ಹೋಗುವುದು. ಒಂದೊಂದು ಊರಿಗೂ ರೇಟಿಂಗ್, ಲೆಕ್ಕಪರಿಶೋಧನೆ, ಷೇರುಪೇಟೆಯ ಖರ್ಚು ಭಾರ. 2005ರಲ್ಲಿ ಎಂಟು ಸಣ್ಣ ಊರುಗಳು ಒಂದು ನಿಧಿಯಡಿ ಸೇರಿದಂತೆ ಮೂರ್ನಾಲ್ಕು ಪಾಲಿಕೆಗಳು ಸೇರಬಹುದು. ಹೊಸದಾಗಿ ಕಂಡುಹಿಡಿಯಬೇಕಾದ್ದೇನೂ ಇಲ್ಲ, ನಮ್ಮದೇ ಹಳೆಯ ಕಡತ ತೆರೆಯಬೇಕು.

ಈ ಮೂರಕ್ಕೂ ಮುಂಚೆ ಬೇಕಾದದ್ದು ಲೆಕ್ಕ. ನನ್ನ ಕಸುಬಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಎಬ್ಬಿಸುತ್ತಾರೆ. ಪಾಲಿಕೆಯ ವಾರ್ಷಿಕ ಲೆಕ್ಕ ಎರಡು ವರ್ಷ ತಡವಾಗಿ ಬಂದರೆ ಯಾರೂ ಏಳುವುದಿಲ್ಲ. ಊರಿನಲ್ಲಿ ಎಷ್ಟು ಆಸ್ತಿಗಳಿವೆ, ಎಷ್ಟಕ್ಕೆ ತೆರಿಗೆ ಬರುತ್ತದೆ, ವಸಾಹತಿನ ಪಾಲೆಷ್ಟು ಎಂಬ ಮೂರು ಅಂಕಿಗಳನ್ನು ಪ್ರತಿ ವರ್ಷ ಸಮಯಕ್ಕೆ ಸರಿಯಾಗಿ ಪ್ರಕಟಿಸಿದರೆ ಸಾಕು, ಬಾಂಡಿನ ಅರ್ಧ ಕೆಲಸ ಮುಗಿದಂತೆ.

ಬಾಂಡಿಗೆ ವಿರೋಧವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ‘ನೀರು, ಚರಂಡಿ ಸರ್ಕಾರದ ಕರ್ತವ್ಯ. ಅದನ್ನು ಮಾರುಕಟ್ಟೆಯ ಸಾಲಕ್ಕೆ ಕಟ್ಟಿದರೆ ಬಡವರ ನೀರಿನ ದರ ಏರುತ್ತದೆ’ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಅದಕ್ಕೇ ನಾನು ಹೇಳುವುದು, ಬಾಂಡಿನ ಮೊದಲ ಕೆಲಸ ಕೈಗಾರಿಕೆಗೆ ನೀರು ಮಾರುವಂಥದ್ದಾಗಲಿ. ಗುಡಿಸಲಿನ ನಲ್ಲಿಯ ದರದ ಮೇಲೆ ಸಾಲ ಎತ್ತುವುದು ಬೇಡ. ಅದಕ್ಕೆ ಅನುದಾನವೇ ಸರಿ.

ನಮ್ಮಂಥ ಹೊರನಾಡಿನವರು ಊರಿನ ಪಾಲಿಕೆ ಚುನಾವಣೆಯಲ್ಲಿ ಮತ ಹಾಕುವುದಿಲ್ಲ. ಆದರೆ ಅಲ್ಲಿ ನಮ್ಮ ಮನೆ, ಸೈಟು, ಅಂಗಡಿಗಳಿವೆ, ತೆರಿಗೆ ಕಟ್ಟುತ್ತೇವೆ. ಲೆಕ್ಕಪತ್ರ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲು ಭಾರತದ ಪ್ರಜೆಯಾಗಿದ್ದರೆ ಸಾಕು.

ಹೋದ ವಾರ ಕಾಕಾಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಕೇಳಿಸಿಕೊಂಡು, ‘ಅಂದ್ರ ಬಾಂಡ್ ಬಂದ್ರೂ ನನ್ನ ಶೆಡ್ಡಿಗೆ ಈ ವರ್ಷ ನೀರು ಬರಂಗಿಲ್ಲ ಅನ್ನು’ ಎಂದರು. ‘ಹೌದ್ರಿ ಕಾಕಾ, ಬರಂಗಿಲ್ಲ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊಲ್ಲಾಪುರದ ಗೆಳೆಯರಿಗೆ ದೀಪಾವಳಿವರೆಗೆ ಸಮಯ ಕೇಳಿದ್ದೇನೆ ಎಂದರು. ಅಷ್ಟರೊಳಗೆ ವಸಾಹತಿನ ಉದ್ಯಮಿಗಳ ಸಂಘದಲ್ಲಿ ಎಲ್ಲರ ಕಳೆದ ಐದು ವರ್ಷದ ತೆರಿಗೆ ರಸೀದಿ ಒಟ್ಟು ಮಾಡಿ, ಪಾಲಿಕೆಗೆ ಎಷ್ಟು ಕೊಟ್ಟಿದ್ದೇವೆ ಎಂದು ಮೊದಲ ಬಾರಿ ಲೆಕ್ಕ ಹಾಕುತ್ತಾರಂತೆ.

‘ನೀ ಕಂಪ್ಯೂಟರಿನ್ಯಾಗ ಒಂದು ಪಟ್ಟಿ ಮಾಡಿ ಕೊಡು, ನಾವು ತುಂಬತೀವಿ’ ಎಂದರು. ಮಾಡಿ ಕಳಿಸಿದ್ದೇನೆ. ನಿನ್ನೆಯವರೆಗೆ ಇಪ್ಪತ್ತಮೂರು ಶೆಡ್ಡುಗಳ ಅಂಕಿ ಬಂದಿದೆ.